ಕುರಿ ಕಾಯುವವನ ಅಣ್ಣ

ಅಜ್ಜಂಪುರದ ಸುತ್ತಲ ಹಳ್ಳಿಗಳಲ್ಲಿ ದೊಡ್ಡಬೀರಪ್ಪನಿಗೆ ಒಳ್ಳೆಯ ಹೆಸರಿತ್ತು. ನೇಗಿಲು ಹಿಡಿದರೆ ಸಾಲು ಸೊಟ್ಟಗಾಗದು, ಮಾತು ಕೊಟ್ಟರೆ ತಪ್ಪುವವನಲ್ಲ, ಹೆಂಡದಂಗಡಿಯ ಕಡೆ ತಿರುಗಿಯೂ ನೋಡಿದವನಲ್ಲ. ಇಷ್ಟೆಲ್ಲ ಇದ್ದೂ ಆ ಮನುಷ್ಯನಿಗೆ ಒಂದೇ ಒಂದು ಕಾಯಿಲೆ. ತಮ್ಮ ಕರಿಯಪ್ಪನನ್ನು ಯಾರಾದರೂ ಹೊಗಳಿದರೆ ಆ ಹೊತ್ತಿನ ಮುದ್ದೆ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೊಗಳದೆ ಇರುವವರಾದರೂ ಯಾರು? ಅಪ್ಪ ತೀರಿಕೊಂಡ ಮೇಲೆ ಅಣ್ಣನ ಪಾಲಿಗೆ ಹೊಲ ಬಂತು, ತಮ್ಮನ ಪಾಲಿಗೆ ಕುರಿ ಬಂತು. ಹೊಲ ಇದ್ದಲ್ಲೇ ಇರುತ್ತದೆ, ಅದನ್ನು ಯಾರು ಬಂದು ನೋಡುತ್ತಾರೆ? ಕುರಿ ಊರೂರು ತಿರುಗುತ್ತದೆ. ರಾತ್ರಿ ಮಂದೆ ನಿಂತ ಹೊಲಕ್ಕೆ ಹಿಕ್ಕೆಗೊಬ್ಬರ ಬಿದ್ದು ಮರುವರ್ಷದ ರಾಗಿ ಸೊಂಟದ ಮಟ್ಟ ಬರುತ್ತದೆಂದು ಗೌಡರುಗಳೇ ಕರಿಯಪ್ಪನನ್ನು ಕರೆದು ಮಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಮನೆದೇವರ ಮುಂದೆ ಅಣ್ಣ ವರ್ಷದ ಮೊದಲ ತೆನೆ ತಂದಿಟ್ಟರೆ ಯಾರೂ ಕತ್ತೆತ್ತುತ್ತಿರಲಿಲ್ಲ. ತಮ್ಮ ಟಗರು ಹಿಡಿದುಕೊಂಡು ಬಂದರೆ ಊರಿಗೂರೇ ಎದ್ದು ನಿಲ್ಲುತ್ತಿತ್ತು. ತಾಯಿ ಕೆಂಚಮ್ಮನಂತೂ ಬೆಣ್ಣೆ ಕಾಯಿಸಿದಾಗಲೆಲ್ಲ, 'ಕರಿಯ ಬಂದಾಗ ಬೇಕು' ಎಂದು ತುಪ್ಪವನ್ನು ನೆಲುವಿಗೆ ಏರಿಸಿಬಿಡುತ್ತಿದ್ದಳು. ದಿನಾ ಮನೆಯಲ್ಲೇ ಉಣ್ಣುವವನಿಗೆ ತುಪ್ಪ ಯಾಕೆ ಬೇಡ ಎಂದು ಕೇಳಲು ದೊಡ್ಡಬೀರಪ್ಪನಿಗೆ ನಾಚಿಕೆ. ಕೇಳದೆ ಸುಮ್ಮನಿರಲು ಸಂಕಟ.

ಆ ಬೇಸಿಗೆಯಲ್ಲಿ ಅವನು ಮಾನ ಬಿಟ್ಟು ಕೇಳಿಯೇಬಿಟ್ಟ. "ಈ ಸಲ ಮೊದ್ಲು ನನ್ನ ಹೊಲದಾಗೆ ಮಂದೆ ನಿಲ್ಸೋ."

"ಈಗ ಬ್ಯಾಡಣ್ಣ, ಯಾಕಂದ್ರೆ..." ಎಂದು ಕರಿಯಪ್ಪ ಬಾಯಿ ತೆರೆದ. ಯಾಕೆ ಎಂಬುದನ್ನು ಕೇಳುವ ತಾಳ್ಮೆ ಅಣ್ಣನಿಗೆಲ್ಲಿತ್ತು? ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಹೊರಟುಬಿಟ್ಟ. ಅದೇ ವಾರ ಮಂದೆ ಶಿವನಿ ಎಂಬ ಊರಿಗೆ, ಅಲ್ಲಿನ ಪಂಚಾಕ್ಷರಪ್ಪನವರ ತೆಂಗಿನ ತೋಟಕ್ಕೆ ಹೋಯಿತೆಂದು ತಿಳಿದಾಗ, ಇನ್ನು ಅವನ ಮುಖ ನೋಡುವುದಿಲ್ಲವೆಂದು ಮನಸ್ಸಿನಲ್ಲೇ ಆಣೆ ಇಟ್ಟುಕೊಂಡ.

ಕೆಲವು ದಿನ ಕಳೆದು ದೊಡ್ಡಬೀರಪ್ಪ ನೇಗಿಲಿಗೆ ಹೊಸ ಕುಳ ತರಲೆಂದು ಬೀರೂರು ಸಂತೆಗೆ ಹೊರಟ. ಅವನ ಊರಿನವನೇ ಆದ ಈರಣ್ಣ ಶಿವನಿಯಿಂದ ತೆಂಗಿನಕಾಯಿ ಹೇರಿಕೊಂಡು ಅದೇ ಸಂತೆಗೆ ಹೋಗುತ್ತಿದ್ದವನು ದಾರಿಯಲ್ಲಿ ಗಾಡಿ ನಿಲ್ಲಿಸಿ ಹತ್ತಿಸಿಕೊಂಡ. ಸ್ವಲ್ಪ ದೂರ ಹೋದ ಮೇಲೆ ತಗ್ಗಿದ ದನಿಯಲ್ಲಿ ಹೇಳಿದ.

"ದೊಡ್ಡಬೀರಣ್ಣ, ನಿನ್ ತಮ್ಮ ಮಲಗ್ಬಿಟ್ಟವ್ನೆ ಕಣಪ್ಪ. ಕೆಂಡದಂಥ ಜ್ವರ. ತೊಡೆಸಂದಿನಾಗೆ ಗಂಟು ಎದ್ದೈತಂತೆ. ಪ್ಲೇಗು ಅಂತ ಯಾರೂ ಹತ್ರ ಹೋಗ್ತಿಲ್ಲ. ನೀನು ಹೋಗಲ್ವಾ?"

ಪ್ಲೇಗು ಮನೆಮನೆ ಖಾಲಿ ಮಾಡಿಸುತ್ತಿದ್ದ ವರ್ಷಗಳವು. ಆ ಹೆಸರು ಕೇಳಿದ ಕೂಡಲೇ ದೊಡ್ಡಬೀರಪ್ಪನ ಮೈ ತಣ್ಣಗಾಯಿತು. ಆದರೆ ಹಳೆಯ ಉರಿ ಅದಕ್ಕಿಂತ ಮುಂಚೆ ನಾಲಿಗೆಗೆ ಬಂತು.

"ಅವ್ನು ಕುರಿ ಕಾಯೋನು. ಅವನ್ನ ಕಾಯೋ ಕೆಲ್ಸ ನನಗ್ಯಾರು ವಹಿಸವ್ರೆ?"

ಈರಣ್ಣ ಮುಖ ತಿರುಗಿಸಿಕೊಂಡು ಎತ್ತುಗಳನ್ನು ಬಿರುಸಾಗಿ ಹೊಡೆದ.

ಸಂತೆಯ ಅಂಚಿನ ಹುಣಸೆಮರದ ಕೆಳಗೆ ಪಾದ್ರಿಗಳ ಕಡೆಯ ಒಬ್ಬ ಉಪದೇಶಿ ಬಟ್ಟೆಯ ಮೇಲೆ ಬರೆದ ಚಿತ್ರಗಳನ್ನು ತೂಗುಹಾಕಿ ಕಥೆ ಹೇಳುತ್ತಿದ್ದ. ಕುಳ ಕೊಂಡು ನೆರಳಿಗೆ ಬಂದ ದೊಡ್ಡಬೀರಪ್ಪ ಸುಮ್ಮನೆ ಕಿವಿಗೊಟ್ಟ. ಲೋಕದ ಮೊದಲ ಅಣ್ಣತಮ್ಮಂದಿರ ಕಥೆಯಂತೆ. ಅಣ್ಣ ಹೊಲದವನು, ತಮ್ಮ ಕುರಿಯವನು. ಇಬ್ಬರೂ ದೇವರಿಗೆ ಕಾಣಿಕೆ ತಂದರು. ದೇವರು ತಮ್ಮನ ಕುರಿಯನ್ನು ಮೆಚ್ಚಿದ, ಅಣ್ಣನ ಬೆಳೆಯ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡಬೀರಪ್ಪನ ಕಿವಿ ಬಿಸಿಯಾಯಿತು. ನಮ್ಮ ಮನೆಯ ಸುದ್ದಿಯನ್ನು ಇವನಿಗೆ ಈರಣ್ಣನೇ ಊದಿರಬೇಕು ಎಂದುಕೊಂಡ.

"ಹಂಗಾದ್ರೆ ತಪ್ಪು ದೇವರದ್ದೇ," ಎಂದ, ಎಲ್ಲರಿಗೂ ಕೇಳುವಂತೆ. ಜನ ನಕ್ಕರು.

ಉಪದೇಶಿ ನಗಲಿಲ್ಲ. "ಇರಬಹುದು ಯಜಮಾನರೇ, ನನಗೂ ಎಷ್ಟೋ ಸಲ ಹಾಗೆ ಅನ್ನಿಸಿದೆ. ಮುಂದೆ ಕೇಳಿ," ಎಂದು ಇನ್ನೊಂದು ಚಿತ್ರ ಬಿಚ್ಚಿದ. ಅಣ್ಣ ತಮ್ಮನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಕೊಂದುಬಿಟ್ಟಿದ್ದ. ನಿನ್ನ ತಮ್ಮ ಎಲ್ಲಿ ಎಂದು ದೇವರು ಕೇಳಿದ. ನನಗೇನು ಗೊತ್ತು, ಅವನನ್ನು ಕಾಯುವುದು ನನ್ನ ಕೆಲಸವೇ ಎಂದು ಅಣ್ಣ ಕೇಳಿದ.

ಬೆಳಿಗ್ಗೆ ಗಾಡಿಯ ಮೇಲೆ ದೊಡ್ಡಬೀರಪ್ಪನ ಬಾಯಿಂದ ಉದುರಿದ್ದ ಅದೇ ಮಾತು. ಕೈಯಲ್ಲಿದ್ದ ಕುಳ ಮಣಭಾರವಾಯಿತು.

"ನಾನೇನೂ ಕೈ ಎತ್ತಲಿಲ್ವಲ್ಲ," ಎಂದ ದೊಡ್ಡಬೀರಪ್ಪ. ಯಾರೂ ಅವನನ್ನು ಏನೂ ಕೇಳಿರಲಿಲ್ಲ.

ಉಪದೇಶಿ ಅವನ ಮುಖ ನೋಡಿದ. "ಆ ಅಣ್ಣ ಹಾಗೆ ಹೇಳುವ ಹೊತ್ತಿಗೆ ತಮ್ಮ ಸತ್ತಾಗಿತ್ತು. ನಿಮ್ಮ ತಮ್ಮ ಬದುಕಿದ್ದಾನೆಯೇ?"

ದೊಡ್ಡಬೀರಪ್ಪ ಕುಳವನ್ನು ಈರಣ್ಣನ ಗಾಡಿಗೆ ಎಸೆದವನೇ ಶಿವನಿಯ ರೈಲು ಹಿಡಿಯಲು ಸ್ಟೇಷನ್ನಿಗೆ ಓಡಿದ. ಹೊಟ್ಟೆಯ ಉರಿ ಆರಿತ್ತೆಂದೇನೂ ಅಲ್ಲ. ತುಪ್ಪವೂ ನೆನಪಿತ್ತು, ಟಗರೂ ನೆನಪಿತ್ತು, ಅವುಗಳ ಜೊತೆಗೇ ಓಡಿದ. ಹುಟ್ಟಿದಾಗಿನಿಂದ ರೈಲು ಹತ್ತಿದವನಲ್ಲ. ಬೋಗಿಯೊಳಗೆ ಕೂತು ಕಿಟಕಿಯ ಕಂಬಿಯನ್ನು ಹೋರಿಯ ಮೂಗುದಾರದಂತೆ ಬಿಗಿಹಿಡಿದುಕೊಂಡ. ಅಜ್ಜಂಪುರ ಬಂದಾಗ, ಇಲ್ಲೇ ಇಳಿದು ಮನೆಗೆ ಹೋಗಿಬಿಡು ಎಂದು ಭಯ ಹೇಳಿತು. ಅವನು ಕಣ್ಣು ಮುಚ್ಚಿ ಕೂತ. ರೈಲು ಹೊರಟ ಮೇಲೆಯೇ ಕಣ್ಣು ಬಿಟ್ಟ.

ಶಿವನಿಯಲ್ಲಿ ಪಂಚಾಕ್ಷರಪ್ಪನವರು ತೋಟದ ಬಾಯಲ್ಲೇ ತಡೆದರು. ಕೆಟ್ಟವರಲ್ಲ. ಮಕ್ಕಳೊಂದಿಗರು, ಹೆದರಿದ್ದರು.

"ಒಳಗೆ ಹೋಗ್ಬೇಡಪ್ಪಾ. ನೀರು ಗಂಜಿ ದೂರದಿಂದ್ಲೇ ಇಡಿಸ್ತಿದೀನಿ. ಅಷ್ಟಕ್ಕೂ ನೀನ್ಯಾರು?"

"ಅವನ ಅಣ್ಣ. ಅವನ್ನ ಕಾಯೋನು ನಾನೇ. ಬರೋದು ತಡ ಆಯ್ತು, ದಾರಿ ಬಿಡಿ."

ಸೋಗೆ ಗುಡಿಸಲಿನಲ್ಲಿ ಕರಿಯಪ್ಪ ಕಂಬಳಿಯ ಮೇಲೆ ಬಿದ್ದಿದ್ದ. ಅಣ್ಣನನ್ನು ಕಂಡು ಅವನ ಕಣ್ಣಿನಲ್ಲಿ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. "ಬರಬ್ಯಾಡಣ್ಣ. ಗಂಟು ಎದ್ದೈತೆ. ನೀನೂ ಹೋಗ್ಬಿಟ್ರೆ ಅವ್ವನ್ನ ನೋಡೋರ್ಯಾರು?"

"ಬಾಯ್ಮುಚ್ಕೊಂಡು ಮಲಗೋ," ಎಂದ ದೊಡ್ಡಬೀರಪ್ಪ. ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ, ಮೈ ಒರೆಸಿದ. ಒರೆಸುತ್ತ ಒರೆಸುತ್ತ ಎಡಗಾಲಿಗೆ ಬಂದವನು ಅಲ್ಲೇ ನಿಂತ. ಹಿಮ್ಮಡಿ ಊದಿ ಕಪ್ಪಾಗಿತ್ತು. ಮುಟ್ಟಿದರೆ ಕರಿಯಪ್ಪ ಕಿರುಚಿದ. ಕಾಲಿಗೆ ಮುಳ್ಳು ಮುರಿದು ಕೀವಾದರೆ ತೊಡೆಸಂದಿನಲ್ಲಿ ಗಂಟು ಏಳುವುದು ಹೊಲ ಗೇಯುವವರಿಗೆಲ್ಲ ಗೊತ್ತು. ಆದರೆ ಗಂಟು ಎಂದ ಕೂಡಲೇ ಊರಿಗೆ ಊರೇ ಕಾಲಿಗೆ ಬುದ್ಧಿ ಹೇಳುತ್ತಿದ್ದ ಕಾಲದಲ್ಲಿ ಹಿಮ್ಮಡಿಯನ್ನು ಯಾರು ತಿರುಗಿಸಿ ನೋಡುತ್ತಾರೆ?

ದೊಡ್ಡಬೀರಪ್ಪ ಉಡಿದಾರದಿಂದ ಮುಳ್ಳು ಕೀಳುವ ಚಿಮಟ ಬಿಚ್ಚಿ ಬೆಂಕಿಗೆ ಹಿಡಿದು ಕೆಲಸಕ್ಕೆ ಕೂತ. ಕೀವು ಚಿಮ್ಮಿತು. ಅದರ ಹಿಂದೆ ಬೆರಳುದ್ದದ ಜಾಲಿಮುಳ್ಳು ಬಂತು. ಅದನ್ನು ಎತ್ತಿ ಹಿಡಿದು, ತೋಟವೆಲ್ಲ ಕೇಳುವಂತೆ ಕೂಗಿದ. "ಪ್ಲೇಗಲ್ಲ ಕಣ್ರೀ. ಮುಳ್ಳು. ಬನ್ನಿ, ನೋಡಿ."

ಮೂರನೆಯ ದಿನ ಜ್ವರ ಬಿಟ್ಟಿತು. ಅಲ್ಲಿಯತನಕ ಮಂದೆ ಕಾದವನೂ ದೊಡ್ಡಬೀರಪ್ಪನೇ. ಕುರಿಗಳು ಅವನ ಮಾತು ಕೇಳಲಿಲ್ಲವೆಂಬುದು ಬೇರೆ ವಿಷಯ. ಪಂಚಾಕ್ಷರಪ್ಪನವರು ಈಗ ಧೈರ್ಯವಾಗಿ ಹತ್ತಿರ ಬಂದು ಕೂತು ಮಾತಿಗಿಳಿದರು.

"ಜಾಲಿಕಾಯಿ ತಿಂದ ಕುರಿ ಮಲಗಿದ ಕಡೆಯೆಲ್ಲ ಬೀಜ ಬಿದ್ದು ಮುಳ್ಳಿನ ಗಿಡ ಏಳುತ್ತಲ್ಲಪ್ಪ, ನನಗೆ ತೋಟದ ಬೇಲಿಗೆ ಅದೇ ಬೇಕಿತ್ತು, ಕರೆಸಿದೆ. ನಿನ್ನ ತಮ್ಮ ಏನು ಹೇಳ್ತಿದ್ದ ಗೊತ್ತಾ? ಈ ಕಾಯಿ ಮುಗಿಯೋ ತನಕ ಅಣ್ಣನ ಹೊಲಕ್ಕೆ ಮಂದೆ ಹೊಡೆಯಲ್ಲ, ರಾಗಿ ಸಾಲಿನಲ್ಲಿ ಜಾಲಿ ಎದ್ದರೆ ಅವನ ಕಾಲು ಏನಾಗ್ಬೇಕು ಅಂತಿದ್ದ."

ದೊಡ್ಡಬೀರಪ್ಪ ಆಚೆ ತಿರುಗಿ ಕೂತ. ಎಷ್ಟು ವರ್ಷ ಸುಮ್ಮಸುಮ್ಮನೆ ಬೆಂದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ತಮ್ಮನ ಕಡೆ ನೋಡದೆಯೇ ಹೇಳಿದ. "ಆವತ್ತು ನಿನ್ ಮಾತು ಪೂರ್ತಿ ಕೇಳ್ಬೇಕಿತ್ತು ಕಣೋ."

"ನೀನು ಬಂದ್ಯಲ್ಲಣ್ಣ," ಎಂದ ಕರಿಯಪ್ಪ.

ಅವರು ಊರಿಗೆ ಬಂದದ್ದು ನಡುಹಗಲಿನಲ್ಲಿ. ಮುಂದೆ ಮಂದೆ, ನಡುವೆ ಕೋಲೂರಿಕೊಂಡು ಕರಿಯಪ್ಪ, ಹಿಂದೆ ಧೂಳು ಕುಡಿಯುತ್ತ ದೊಡ್ಡಬೀರಪ್ಪ. ಸತ್ತೇಹೋದನೆಂದು ಊರು ಅತ್ತು ಮುಗಿಸಿದ್ದವನು ಎದ್ದು ನಡೆದು ಬರುತ್ತಿದ್ದಾನೆ! ಪ್ಲೇಗಲ್ಲ, ಮುಳ್ಳು ಎಂದು ದೊಡ್ಡಬೀರಪ್ಪ ಕೂಗಿದ್ದೇ ತಡ, ಜನ ಕಣ ಬಿಟ್ಟು, ಬಾವಿಕಟ್ಟೆ ಬಿಟ್ಟು ಓಡಿಬಂದು ಮುತ್ತಿಕೊಂಡರು. ಕೆಂಚಮ್ಮ ದೊಡ್ಡ ಮಗನನ್ನು ದಾಟಿಕೊಂಡೇ ಹೋಗಿ ಚಿಕ್ಕವನನ್ನು ತಬ್ಬಿಕೊಂಡಳು. ಎಲ್ಲರ ಬಾಯಲ್ಲೂ ಕರಿಯ, ಕರಿಯ.

ದೊಡ್ಡಬೀರಪ್ಪ ಒಂದು ಗಳಿಗೆ ನಿಂತು ಆ ಹಳೆಯ ಉರಿಗಾಗಿ ಕಾದ. ಅದು ಬರಲಿಲ್ಲ. ಎದೆಯೊಳಗೆ ಎಂಥ ಹಿಗ್ಗು ಎದ್ದಿತೆಂದರೆ ಅವನು ನಕ್ಕೇಬಿಟ್ಟ. ಗುಂಪಿನ ಹಿಂದೆ ಕುಳ್ಳ ಮುದುಕಿಯರು ತಮ್ಮನ ಮುಖ ಕಾಣದೆ ತುದಿಗಾಲಿನಲ್ಲಿ ನಿಂತು ಒದ್ದಾಡುತ್ತಿದ್ದರು. ದೊಡ್ಡಬೀರಪ್ಪ ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿ, ಬೇಡಣ್ಣ ಬೇಡಣ್ಣ ಎನ್ನುತ್ತಿದ್ದ ತಮ್ಮನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಎಲ್ಲರಿಗೂ ಕಾಣುವಂತೆ ನೆಟ್ಟಗೆ ನಿಂತ.