ಉತ್ತರದ ಗೋಡೆ

ರೇಣುಕಾದೇವಿಗೆ ಈ ಕೆಲಸ ಸಾಕುಸಾಕಾಗಿತ್ತು. ಗಂಗಾವತಿಯಿಂದ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು, ಕೊಪ್ಪಳದ ಚಿತ್ರಕಲಾ ಶಾಲೆಯ ದಾಖಲೆ ಕೋಣೆಯ ಬೀಗ ತೆಗೆದರೆ ಎದುರಿಗೆ ಅವೇ ಇನ್ನೂರು ಕಡತಗಳು. ಚಿತ್ರ ಹೇಗೆ ಹುಟ್ಟಿತು, ಬರೆದವರು ಎಲ್ಲಿ ತಡವರಿಸಿದರು, ಏನನ್ನು ಅಳಿಸಿದರು ಎಂಬುದನ್ನೆಲ್ಲ ಕಾದಿಡಲು ಮಾಡಿದ ಕೋಣೆ ಅದು. ವಿದ್ಯಾರ್ಥಿಗಳೋ, ಚಿತ್ರ ಮುಗಿಸಿ ಚೌಕಟ್ಟು ಹಾಕಿಸಿದ ಮೇಲೆ, ಪರೀಕ್ಷೆಯ ಹಿಂದಿನ ವಾರ ಕೂತು ಅದರ ‘ಮೊದಲ ಕರಡು’ ತಯಾರಿಸುತ್ತಿದ್ದರು. ಹುಡುಕಿದರೂ ಒಂದು ತಪ್ಪು ಗೆರೆ ಸಿಗುತ್ತಿರಲಿಲ್ಲ. ಇಷ್ಟೊಂದು ಸುಳ್ಳಿಗೆ ನುಸಿಗುಳಿಗೆ ಇಟ್ಟು ಕಾಯುವ ಹಣೆಬರಹ ತನ್ನದಾಯಿತಲ್ಲ ಎಂದು ಅವಳು ಬೇಸರಪಡುತ್ತಿದ್ದಳು.

ಉಳಿದ ಆಸೆಯೆಲ್ಲ ಹೊಳಿಯಪ್ಪ ಮಾಸ್ತರರ ಮೇಲೆ. ಮೂವತ್ತು ವರ್ಷ ಇಲ್ಲಿ ಬಣ್ಣ ಕಲಿಸಿ, ನಿವೃತ್ತರಾಗಿ ತಮ್ಮೂರು ತಳಕಲ್ಲಿನಲ್ಲಿದ್ದರು. ಈಗ ಕೈ ನಡುಗುತ್ತಿತ್ತು. ಕುಂಚ ಹಿಡಿಯುವುದು ಮುಗಿದ ಮಾತು. ಅವರದೊಂದು ನಿಜವಾದ ಕರಡು ಸಿಕ್ಕರೂ ತನ್ನ ದುಡಿಮೆಗೊಂದು ಅರ್ಥ ಬಂದೀತೆಂದು ಅವಳು ಆರು ತಿಂಗಳು ಫೋನಿನಲ್ಲಿ ಅವರ ಬೆನ್ನು ಹತ್ತಿದ್ದಳು. ಕೊನೆಗೆ ಅವರು, ಎಲ್ಲ ಅಲ್ಲೇ ಶಾಲೆಯ ಮೇಲಿನ ಕೋಣೆಯಲ್ಲಿದೆ, ಸೋಮವಾರ ಬಂದು ತೋರಿಸುತ್ತೇನೆ ಎಂದರು.

ಅವಳು ಅಂದೇ ಮೇಲಿನ ಕೋಣೆ ಜಾಲಾಡಿದಳು. ಕಪಾಟು, ಟ್ರಂಕು, ಅಟ್ಟ, ಎಲ್ಲೂ ಒಂದು ಕಾಗದವಿಲ್ಲ, ಬರೀ ಇಲಿ ಹಿಕ್ಕೆ. ಇಟ್ಟ ಜಾಗ ಅವರಿಗೇ ಗೊತ್ತಿರಬೇಕು ಎಂದುಕೊಂಡಳು. ಆದರೆ ಕಿಟಕಿಯ ಪಕ್ಕದ ಉತ್ತರದ ಗೋಡೆ ನೋಡಿ ಅವಳಿಗೆ ನಾಚಿಕೆಯಾಯಿತು. ಅದರ ತುಂಬ ಬಣ್ಣ ಒರೆಸಿದ ಕಲೆಗಳು, ನಡುವೆ ಪೆನ್ಸಿಲ್ಲಿನ ಗೀಚು. ಅಂಥ ಹಿರಿಯರು ಬರುವಾಗ ಇದೇನು ಅವಸ್ಥೆ? ಶನಿವಾರ ಜವಾನ ಮರ್ದಾನಸಾಬನಿಂದ ಸುಣ್ಣ ಬಳಿಸಿದಳು. ಬಣ್ಣ ಮತ್ತೆ ಮತ್ತೆ ಇಣುಕಿತು. ಅವಳು ಬಿಡಲಿಲ್ಲ, ಪಕ್ಕದಲ್ಲೇ ನಿಂತು ಮೂರು ಸಲ ಬಳಿಸಿದಳು.

ಸೋಮವಾರ ಮಾಸ್ತರರು ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತಿ ಬಂದರು. ನೇರ ಉತ್ತರದ ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟರು. ಅಂಗೈಗೆ ಸುಣ್ಣ ಹತ್ತಿತು. ಅವಳು ಕಪಾಟಿನ ಕೀಲಿ ಮುಂದೆ ಮಾಡಿದಳು.

“ಕಪಾಟಿನ್ಯಾಗ ನಂದೇನೂ ಇಲ್ಲವ್ವಾ,” ಎಂದರು. “ಬಣ್ಣ ಕಲಸಿ ಮೊದಲ ಈ ಗ್ವಾಡಿಗೇ ಹಚ್ಚಿ ನೋಡ್ತಿದ್ದೆ. ಯಾವ್ದು ಸುಳ್ಳಾತು, ಯಾವ್ದು ಖರೇ ಆತು, ಬಾಜೂಕ ಬರದಿಡ್ತಿದ್ದೆ. ಮೂವತ್ತು ವರ್ಷದ್ದು.”

ರೇಣುಕಾದೇವಿ ಗೋಡೆಯನ್ನು ಉಗುರಿನಿಂದ ಕೆರೆದಳು. ಸುಣ್ಣದ ಹಕ್ಕಳೆಯೊಂದು ಕಿತ್ತುಬಂತು. ಅದರ ಬೆನ್ನಿಗೆ ನೀಲಿ ಅಂಟಿಕೊಂಡಿತ್ತು, ಗೋಡೆ ಬರಿದಾಗಿತ್ತು.

“ಬಿಡವ್ವಾ, ಕೆರದ್ರ ಅದೂ ಹೋಗ್ತೈತಿ,” ಎಂದು ಮಾಸ್ತರರು ಅವಳ ಕೈ ಹಿಡಿದರು. ಆಮೇಲೆ ಮೆಲ್ಲಗೆ ಕೇಳಿದರು: “ನಾ ಬರ್ತೀನಂತ ಹಚ್ಚಿಸಿದೇನು?”

ಅವಳು ಹೌದೆಂದು ತಲೆಯಾಡಿಸಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಚಹಾ ಕುಡಿದು ಒಂದು ಗಂಟೆಯ ಬಸ್ಸಿಗೆ ಹೋದರು.

ಅವಳು ಹಕ್ಕಳೆಯನ್ನು ಲಕೋಟೆಗೆ ಹಾಕಿ ಹೊಸ ಕಡತ ತೆರೆದಳು. ಕಲಾವಿದರು: ಹೊಳಿಯಪ್ಪ. ಸ್ಥಳ: ಉತ್ತರದ ಗೋಡೆ. ಅವಧಿ: ಮೂವತ್ತು ವರ್ಷ. ಅವಳಿಗೆ ಬೇಕಾಗಿದ್ದ ಇನ್ನೊಂದು ಕಾಲಂ ನಮೂನೆಯಲ್ಲಿ ಇರಲಿಲ್ಲ. ತಾನೇ ಗೆರೆ ಎಳೆದು ‘ಅಳಿಸಿದವರು’ ಎಂದು ಬರೆದು, ಮುಂದೆ ಮರ್ದಾನಸಾಬ ಎಂದು ಬರೆದಳು. ಆ ಹೆಸರು ಹೊಡೆದುಹಾಕಿ, ಕೆಳಗೆ ತನ್ನ ಹೆಸರು ಬರೆದಳು.

ಶುದ್ಧಪ್ರತಿ ಮಾಡಲಿಲ್ಲ. ಹಾಗೇ ಇಟ್ಟಳು.