ಕೆಂಪಿಲ್ಲದ ದಿನ

ನಲ್ಲಿ ತಯಾರಿಸುವ ಆ ಕಾರ್ಖಾನೆಯಲ್ಲಿ ನೀರು ನಿಲ್ಲಿಸುವುದು ಹೇಗೆಂದು ಎಲ್ಲರಿಗೂ ಗೊತ್ತಿತ್ತು. ಮ್ಯಾನೇಜರ ಮಾತು ನಿಲ್ಲಿಸುವುದು ಹೇಗೆಂದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. "ಅರ್ಧ ಗಂಟೆ ಅಷ್ಟೇ" ಎಂದು ಅವರು ಶುರುಮಾಡಿದ ಮೀಟಿಂಗು ಊಟದ ಹೊತ್ತನ್ನು ನುಂಗಿ, ಚಹಾದ ಹೊತ್ತಿಗೂ ಬಾಯಿ ಹಾಕುತ್ತಿತ್ತು. ಹಾಗಾಗಿ ಬೆನ್ನ ಹಿಂದೆ ಅವರ ಹೆಸರು ಅರ್ಧಗಂಟೆ.

ಮೀಟಿಂಗು ಇದೆ ಎಂದು ಮೈಕಿನಲ್ಲಿ ಕೂಗಿ ಹೇಳುವ ಪಾಪದ ಕೆಲಸ ಫೋನಕ್ಕನದು. ಬಾಗಿಲ ಪಕ್ಕದ ಗಾಜಿನ ಗೂಡಿನಲ್ಲಿ ಕೂತು, ಬಂದ ಕರೆಗಳನ್ನು ಆಯಾ ಕೋಣೆಗೆ ದಾಟಿಸುವುದು, ಬಂದವರನ್ನು ಕೂರಿಸುವುದು, ಸತ್ತ ಸುದ್ದಿಯಿಂದ ಹಿಡಿದು ಲಾರಿ ಬಂದ ಸುದ್ದಿಯವರೆಗೆ ಎಲ್ಲವನ್ನೂ ಒಂದೇ ದನಿಯಲ್ಲಿ ಮೈಕಿಗೆ ಹೇಳುವುದು ಅವಳ ಕೆಲಸ. ಅಲ್ಲಿ ದುಡಿಯುವವರಿಗೆ ನೆತ್ತಿಯ ಮೇಲಿನ ದೇವರು ಬೇರೆ ಬೇರೆ, ಕಿವಿಗೆ ಬೀಳುವ ದನಿ ಮಾತ್ರ ಫೋನಕ್ಕನದೊಂದೇ.

ಮ್ಯಾನೇಜರಿಗೆ ದಿನ ಗೊತ್ತುಮಾಡಲು ಒಂದೇ ಒಂದು ಆಧಾರ. ಬಣ್ಣದ ಅಂಗಡಿಯವರು ಪುಕ್ಕಟೆ ಕೊಟ್ಟ ಗೋಡೆ ಕ್ಯಾಲೆಂಡರ್. ಅದರಲ್ಲಿ ತಾರೀಖು ಕೆಂಪಗಿದ್ದರೆ ರಜೆ, ಕಪ್ಪಗಿದ್ದರೆ ಮೀಟಿಂಗು. ಕ್ಯಾಲೆಂಡರ್ ಅಚ್ಚು ಹಾಕಿಸಿದವನ ಕಣ್ಣಿಗೆ ಯಾರ ಹಬ್ಬ ಬಿತ್ತೋ ಅದಷ್ಟೇ ಹಬ್ಬ. ಮಿಕ್ಕವರದೆಲ್ಲ ಬರೀ ಮಂಗಳವಾರ, ಬುಧವಾರ.

ಗೋದಾಮು ನೋಡಿಕೊಳ್ಳುವ ದೊಡ್ಡಣ್ಣನಿಗೆ ಅದರ ಬಿಸಿ ಮೊದಲು ತಟ್ಟಿತು. ಹಳೆಯ ಫೋರ್ಮನ್ನರ ಬೀಳ್ಕೊಡುಗೆಯ ಊಟವನ್ನು ಮ್ಯಾನೇಜರು ಸರಿಯಾಗಿ ಅವನ ಕಡುಉಪವಾಸದ ದಿನವೇ ಇಟ್ಟರು. ಅವನು ಜಗಳ ಕಾಯುವ ಜಾತಿಯಲ್ಲ. ಬಂದ, ಖಾಲಿ ತಟ್ಟೆಯ ಮುಂದೆ ಕೂತ, ಅಕ್ಕಪಕ್ಕದವರಿಗೆ ನೀರು ಬಗ್ಗಿಸಿ ಕೊಟ್ಟ, ಫೋರ್ಮನ್ನರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಎದ್ದುಹೋದ. ಎದುರಿಗೆ ಕೂತಿದ್ದ ಫೋನಕ್ಕ ಅವತ್ತು ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದಳು.

ಆಮೇಲೆ ಅವಳ ಸರದಿ ಬಂತು. ಅವಳ ಮನೆಯ ಹಬ್ಬಕ್ಕೆ, ಎಷ್ಟೋ ವರ್ಷಗಳ ಮೇಲೆ, ದೂರದ ಊರಿನಿಂದ ಅವಳ ಅಕ್ಕ ಬಂದಿದ್ದಳು. ಫೋನಕ್ಕ ರಜೆ ಕೇಳಿದಳು. ಮ್ಯಾನೇಜರು ಗೋಡೆಯತ್ತ ಬೆರಳು ತೋರಿಸಿದರು.

"ಕೆಂಪು ಎಲ್ಲಿದೆ ಹೇಳಮ್ಮ?"

"ನಮ್ಮ ಹಬ್ಬ ಆ ಕ್ಯಾಲೆಂಡರಿನಲ್ಲಿ ಹಾಕಲ್ಲ ಸಾರ್."

"ಹಾಕದಿದ್ದರೆ ನಾನೇನು ಮಾಡ್ಲಿ? ಅರ್ಧ ಗಂಟೆ ಅಷ್ಟೇ. ಹಾಜರಾತಿಯ ಹೊಸ ಪದ್ಧತಿ ಹೇಳಿಬಿಡ್ತೀನಿ, ಹೋಗಿಬಿಡು."

ಹೊಸ ಪದ್ಧತಿ ಹೇಳಿ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅವಳು ಏದುಸಿರು ಬಿಡುತ್ತಾ ಮನೆ ಮುಟ್ಟಿದಾಗ ಅಕ್ಕ ರೈಲು ಹತ್ತಿಯಾಗಿತ್ತು. ಅವಳ ಅತ್ತೆ ಮಾತ್ರ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದರು. ಸೊಸೆಯ ಮುಖ ನೋಡಿ, "ಅಳಬೇಡ. ಅತ್ತರೆ ಅವನಿಗೇನು ಗೊತ್ತಾಗುತ್ತೆ? ಅವನ ಕಾಲಿಗೇ ಮುಳ್ಳು ಚುಚ್ಚಲಿ, ಆಗ ಗೊತ್ತಾಗುತ್ತೆ" ಎಂದರು. ಮುದುಕಿಯ ಮಾತು ಫೋನಕ್ಕನ ತಲೆಯೊಳಗೆ ಕೂತು ಮೊಟ್ಟೆಗೆ ಕಾವು ಕೊಡತೊಡಗಿತು.

ಮುಳ್ಳು ತಾನಾಗಿಯೇ ಬಂತು. ಒಂದು ಬೆಳಗ್ಗೆ ಕಾರ್ಖಾನೆಯ ಒಡತಿಯ ಮನೆಯಿಂದ ಫೋನು. ಒಡತಿಯಮ್ಮ ವಯಸ್ಸಾದವರು, ಬೇರೊಂದು ಊರಿನಲ್ಲಿದ್ದುಕೊಂಡೇ ಎಲ್ಲ ನಡೆಸುತ್ತಿದ್ದರು. ಹೊಸ ಯಂತ್ರ ನೋಡಬೇಕು, ಎಲ್ಲರ ಜೊತೆ ಕೂತು ಮಾತಾಡಬೇಕು, ಮುಂದಿನ ತಿಂಗಳು ಯಾವ ದಿನ ಬಂದರೆ ಅನುಕೂಲ ಎಂದು ಕೇಳಿಸಿದ್ದರು. ಫೋನಕ್ಕ ಓಡಿಹೋಗಿ ಮ್ಯಾನೇಜರನ್ನು ಕೇಳಿದಳು. ಅವರು ಹೊಸ ಯಂತ್ರದ ಹೊಟ್ಟೆಯೊಳಗೆ ತಲೆ ತೂರಿಸಿದ್ದರು.

"ಅದನ್ನೂ ನನ್ನೇ ಕೇಳ್ಬೇಕಾ? ಕ್ಯಾಲೆಂಡರ್ ನೋಡು, ಕೆಂಪಿಲ್ಲದ ದಿನ ಯಾವುದಾದರೂ ಕೊಡು" ಎಂದು ಒಳಗಿನಿಂದಲೇ ಗದರಿದರು.

ಫೋನಕ್ಕ ಕ್ಯಾಲೆಂಡರ್ ನೋಡಿದಳು. ಮುಂದಿನ ತಿಂಗಳು ಮ್ಯಾನೇಜರ ಪೈಕಿಯವರ ದೊಡ್ಡ ಹಬ್ಬ ದಪ್ಪಗೆ, ಕೆಂಪಗೆ ಕೂತಿತ್ತು. ಅದರ ಮರುದಿನ ಕಪ್ಪು. ಆದರೆ ಮ್ಯಾನೇಜರ ಮನೆಯಲ್ಲಿ ನಿಜವಾದ ಗದ್ದಲ ಇರುವುದು ಮರುದಿನವೇ ಎಂದು ಅವಳಿಗೆ ಗೊತ್ತಿತ್ತು. ಅವತ್ತು ಇಡೀ ಬಳಗ ಅವರ ಮನೆಗೆ ಊಟಕ್ಕೆ ಬರುತ್ತಿತ್ತು. ಪ್ರತಿ ವರ್ಷ ಅವತ್ತು ಮ್ಯಾನೇಜರಿಗೆ "ಬ್ಯಾಂಕಿನಲ್ಲಿ ಕೆಲಸ" ಬೀಳುತ್ತಿತ್ತು, ಅವರ ಹೆಂಡತಿ ಫೋನು ಮಾಡಿ, "ಹೊರಟರೇನಮ್ಮ? ಭಾವನವರು ಬಂದು ಕೂತಿದ್ದಾರೆ" ಎಂದು ಕೇಳುತ್ತಿದ್ದರು.

ಅವಳು ವಾಪಸು ಬಂದು, ಜೇನಿನಂಥ ದನಿಯಲ್ಲಿ, ಆ ಮರುದಿನದ ತಾರೀಖು ಕೊಟ್ಟಳು. ಒಡತಿಯ ಮನೆಯವರು ಒಪ್ಪಿಕೊಂಡರು.

ಸುದ್ದಿ ತಿಳಿದ ಮ್ಯಾನೇಜರು ಗಾಜಿನ ಗೂಡಿಗೆ ಬಂದಾಗ ಅವರ ಮುಖ ಹಿಂಡಿದ ಬಟ್ಟೆಯ ಹಾಗಾಗಿತ್ತು.

"ಅವತ್ತೇ ಯಾಕೆ ಕೊಟ್ಟೆ?"

"ಕೆಂಪಿರಲಿಲ್ಲ ಸಾರ್."

"ಅದು ಸರಿ. ಆದರೆ ಅವತ್ತು ನನಗೆ ಸ್ವಲ್ಪ..."

"ಬ್ಯಾಂಕ್ ಕೆಲಸವೇ ಸಾರ್? ಅರ್ಧ ಗಂಟೆ ಅಷ್ಟೇ ಅಲ್ವಾ, ಅಮ್ಮನವರು ಹೋದಮೇಲೆ ಹೋಗಿಬನ್ನಿ."

ಮ್ಯಾನೇಜರು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದರು. ಸಂಜೆಯೊಳಗೆ ಕಾರ್ಖಾನೆಗೆಲ್ಲ ಕತೆ ಹರಡಿತು. ಲೇತ್ ಯಂತ್ರದ ಮೇಲಿದ್ದವನಂತೂ ನಕ್ಕೂ ನಕ್ಕೂ ಎರಡು ಹಿತ್ತಾಳೆ ತುಂಡು ಕೆಡಿಸಿದ. ಅವನಿಗೆ ದೇವರೂ ಇಲ್ಲ, ಹಬ್ಬವೂ ಇಲ್ಲ. ಹಾಗಾಗಿ ಯಾರ ಹಬ್ಬ ಕೆಟ್ಟರೂ ಮಜವೇ.

ನಗದವನು ದೊಡ್ಡಣ್ಣ ಒಬ್ಬನೇ. ಅವನು ಗೂಡಿನ ಕಿಟಕಿಗೆ ಮೊಣಕೈ ಊರಿ ನಿಂತ.

"ಏನಮ್ಮ, ನನ್ನ ಉಪವಾಸಕ್ಕೆ ಅವರ ಮನೆಯವರಿಗೂ ಉಪವಾಸ ಹಾಕ್ತೀಯಾ?"

"ಒಂದು ದಿನ ತಾನೇ ಅಣ್ಣ. ಅವರಿಗೂ ಗೊತ್ತಾಗಲಿ."

"ಅವರಿಗೆ ಗೊತ್ತಾಗುತ್ತೆ. ಅವರ ಹೆಂಡತಿ ಏನು ಮಾಡಿದ್ದಳು?"

"ನಿನ್ನ ಹಾಗೆ ಎಲ್ಲರೂ ನೀರು ಬಗ್ಗಿಸಿ ಕೊಡ್ತಾ ಕೂತರೆ ಆಯ್ತು" ಎಂದು ಅವಳು ಸಿಡುಕಿದಳು. ಅವನು ಗೋದಾಮಿನತ್ತ ಹೋದ.

ಹೆಂಡತಿಯ ಫೋನು ಮಾರನೆಯ ದಿನವೇ ಬಂತು. ಮ್ಯಾನೇಜರು ಸೀಟಿನಲ್ಲಿರಲಿಲ್ಲ. ಆ ತಾಯಿ ತಾವಾಗಿಯೇ ಹೇಳಿಕೊಂಡರು. ಅವರ ತಮ್ಮ ಹಡಗಿನಲ್ಲಿ ಕೆಲಸ ಮಾಡುವವನು, ಮೂರು ವರ್ಷದ ಮೇಲೆ ಅವತ್ತೊಂದು ದಿನಕ್ಕೆ ಬರುವವನಿದ್ದ, ಸಂಜೆಗೇ ಮತ್ತೆ ಹೊರಡುವವನು. "ಮನೆ ಯಜಮಾನರೇ ಇಲ್ಲ ಅಂದರೆ ಅವನಿಗೆ ಹೇಗನ್ನಿಸುತ್ತೆ ಹೇಳಮ್ಮ. ಯಾರೋ ಪುಣ್ಯಾತ್ಮರು ಅದೇ ದಿನ ಗೊತ್ತುಮಾಡಿದ್ದಾರಂತೆ" ಎಂದರು.

ಪುಣ್ಯಾತ್ಮಳು ಫೋನಿಟ್ಟಳು. ಅವಳು ಎಸೆದ ಕಲ್ಲು ಮ್ಯಾನೇಜರನ್ನು ಸವರಿಕೊಂಡು ಹೋಗಿ ಬೇರೆ ಯಾರ ಹಣೆಗೋ ಬಡಿದಿತ್ತು. ಅಕ್ಕನ ರೈಲು ನೆನಪಾಯಿತು. ಮ್ಯಾನೇಜರು ಸೀಟಿಗೆ ಬಂದದ್ದೇ ನೇರವಾಗಿ ಅವರ ಕೋಣೆಗೆ ಹೋಗಿ, "ಸಾರ್, ಅಮ್ಮನವರಿಗೆ ಫೋನ್ ಹಾಕಿಕೊಡ್ತೀನಿ. ನಿಮ್ಮ ಮನೇಲಿ ಹಬ್ಬ ಅಂತ ಹೇಳಿಬಿಡಿ. ಬೇರೆ ದಿನ ಬರ್ತಾರೆ" ಎಂದಳು.

ಮ್ಯಾನೇಜರು ಆಗಲಿ ಎಂದು ತಲೆಯಾಡಿಸಿದರು. ಫೋನಕ್ಕ ಕರೆ ಹಾಕಿ, ಅವರ ಕೋಣೆಗೆ ದಾಟಿಸಿದಳು. ದಾಟಿಸಿದ ಮೇಲೆ ತನ್ನ ಕಡೆಯ ರಿಸೀವರ್ ಇಡಬೇಕಿತ್ತು. ಇಡಲಿಲ್ಲ. ಪಶ್ಚಾತ್ತಾಪ ಬೇರೆ, ಕುತೂಹಲ ಬೇರೆ.

ಆದರೆ ಮ್ಯಾನೇಜರಿಗೆ ನಿಜ ಹೇಳಲು ನಾಚಿಕೆಯಾಯಿತು. ವರ್ಷಗಟ್ಟಲೆ ಬ್ಯಾಂಕಿಗೆ ಹೋದವರು ಈಗ ಏಕಾಏಕಿ ಮನೆಗೆ ಹೇಗೆ ಹೋಗುವುದು?

"ಅಮ್ಮ, ಅವತ್ತು ನಮ್ಮ ಕೆಲಸಗಾರರದು ಒಂದು ಹಬ್ಬ. ಪಾಪ, ಅವರಿಗೆ ತೊಂದರೆ ಆಗುತ್ತೆ."

"ಹೌದಾ? ಯಾರದಪ್ಪ?"

"ಅದೇ... ಗೋದಾಮಿನವನದು. ಕಠಿಣ ಉಪವಾಸ."

"ಅಯ್ಯೋ, ನನಗೆ ಗೊತ್ತೇ ಇರಲಿಲ್ಲ. ಅವನನ್ನ ಕರಿ, ಒಂದು ಮಾತಾಡ್ತೀನಿ."

"ಅವನು ದೂರ ಇದ್ದಾನಮ್ಮ, ಹಿಂದಿನ ಗೋದಾಮಿನಲ್ಲಿ..."

"ಕಾಯ್ತೀನಿ. ನಾನೇನು ಒಲೆ ಮೇಲೆ ಹಾಲಿಟ್ಟಿಲ್ಲ."

ಮ್ಯಾನೇಜರು ಇನ್ನೊಂದು ಸುಳ್ಳು ಹುಡುಕುವ ಮೊದಲೇ, ಫೋನಕ್ಕನ ಕೈ ಅಭ್ಯಾಸಬಲದಿಂದ ಮೈಕಿನತ್ತ ಹೋಗಿತ್ತು. "ಗೋದಾಮಿನ ದೊಡ್ಡಣ್ಣ, ಕೂಡಲೇ ಮ್ಯಾನೇಜರ ಕೋಣೆಗೆ ಬರಬೇಕು" ಎಂದು ಇಡೀ ಕಾರ್ಖಾನೆಗೆ ಕೇಳಿಸಿತು. ಹೇಳಿಯಾದ ಮೇಲೆಯೇ ತಾನು ಕದ್ದು ಕೇಳುತ್ತಿದ್ದದ್ದು ಬಯಲಾಯಿತೆಂದು ಹೊಳೆದದ್ದು. ಆದರೂ ರಿಸೀವರ್ ಇಡಲಿಲ್ಲ.

ದೊಡ್ಡಣ್ಣ ಕೈ ಒರೆಸಿಕೊಳ್ಳುತ್ತಾ ಬಂದ. ರಿಸೀವರಿಗೆ ಅಂಗೈ ಅಡ್ಡ ಹಿಡಿದರೂ ಮ್ಯಾನೇಜರ ಪಿಸುಮಾತು ಫೋನಕ್ಕನಿಗೆ ಕೇಳಿಸಿತು: "ನಿನಗೆ ಅವತ್ತು ಉಪವಾಸ. ಹೌದು ಅಂದುಬಿಡು, ಸಾಕು."

ದೊಡ್ಡಣ್ಣ ಫೋನು ತಗೊಂಡ.

"ನಮಸ್ಕಾರ ಅಮ್ಮ. ನನ್ನ ಉಪವಾಸ ಹೋದ ತಿಂಗಳೇ ಮುಗೀತು. ಅವತ್ತು ಹಬ್ಬ ಇರೋದು ಮ್ಯಾನೇಜರ ಮನೇಲಿ. ತಮ್ಮ ಮನೆ ಹಬ್ಬಕ್ಕೋಸ್ಕರ ನಿಮ್ಮನ್ನ ಬೇಡ ಅನ್ನೋಕೆ ಅವರಿಗೆ ಸಂಕೋಚ. ದಯವಿಟ್ಟು ಬೇರೆ ದಿನ ಬನ್ನಿ. ಹಬ್ಬದ ದಿನ ಮನೇಲಿರದಿದ್ದರೆ ಬಹಳ ಬೇಜಾರಾಗುತ್ತೆ ಅಮ್ಮ."

 ಆ ಕಡೆ ಒಡತಿಯಮ್ಮ ನಗುತ್ತಿರುವುದು ಕೇಳಿಸಿತು.

"ಮ್ಯಾನೇಜರಿಗೆ ಕೊಡಪ್ಪ. ಏನ್ರೀ, ನಾಲ್ಕು ವರ್ಷದಿಂದ ಕಾರ್ಖಾನೆಯ ವಾರ್ಷಿಕೋತ್ಸವ ಯಾವ ದಿನ ಇಡ್ತಿದ್ದೀರಿ ಗೊತ್ತಾ? ನಮ್ಮ ಹಬ್ಬದ ದಿನ. ವರ್ಷಕ್ಕೊಂದೇ ಬರೋದು ನಮಗೆ. ನನ್ನ ಮೇಲಿನ ಪ್ರೀತಿಗೆ, ಬೇಕಂತಲೇ ಆ ದಿನ ಆರಿಸಿದ್ದೀರಿ ಅಂದುಕೊಂಡು, ಮೊಮ್ಮಕ್ಕಳನ್ನ ಮನೇಲಿ ಬಿಟ್ಟು ಬಂದು, ನಿಮ್ಮ ಭಾಷಣ ಕೇಳ್ತಿದ್ದೆ."

ಮ್ಯಾನೇಜರಿಗೆ ಮಾತೇ ಹೊರಡಲಿಲ್ಲ. ಆ ಕಾರ್ಖಾನೆಯ ಚರಿತ್ರೆಯಲ್ಲೇ ಅದು ಮೊದಲು.

"ನಮ್ಮದು ಕ್ಯಾಲೆಂಡರಿನಲ್ಲಿ ಕೆಂಪಗಿರಲ್ಲ ಅಲ್ವಾ" ಎಂದು ಒಡತಿಯಮ್ಮನೇ ಮುಂದುವರಿಸಿದರು. "ಹೋಗಲಿ. ನಾನೂ ಬಾಯಿ ಬಿಟ್ಟು ಹೇಳಲಿಲ್ಲ. ಇನ್ನು ಮೇಲೆ ಯಾವ ಸಭೆ ಇಡೋ ಮುಂಚೆಯೂ ಎಲ್ಲರನ್ನೂ ಒಂದು ಮಾತು ಕೇಳಿ. ಆ ಕೆಲಸ ನಿಮಗೆ ಬೇಡ. ಈ ಲೈನಿನಲ್ಲಿ ಇಷ್ಟು ಹೊತ್ತಿನಿಂದ ಉಸಿರಾಡ್ತಿದ್ದಾಳಲ್ಲ ಆ ಹುಡುಗಿ, ಅವಳೇ ನೋಡಿಕೊಳ್ಳಲಿ."

ಫೋನಕ್ಕ ರಿಸೀವರನ್ನು ಹಾವನ್ನು ಬಿಟ್ಟಂತೆ ಬಿಟ್ಟಳು.

ಮ್ಯಾನೇಜರು ಆ ವರ್ಷ ಬ್ಯಾಂಕಿಗೆ ಹೋಗಲಿಲ್ಲ. ರಜೆ ಕೇಳಿ ಮನೆಗೆ ಹೋದರು. ಮರುದಿನ ಕೆಲಸಕ್ಕೆ ಬಂದಾಗ ಗೋದಾಮಿನವರೆಗೂ ನಡೆದುಹೋಗಿ, ದೊಡ್ಡಣ್ಣನ ಮುಂದೆ ನಿಂತು, "ಊಟ ಚೆನ್ನಾಗಿತ್ತು" ಎಂದು ಮಾತ್ರ ಹೇಳಿ ಬಂದರಂತೆ. ಕ್ಷಮೆ ಕೇಳುವುದು ಅವರಿಗೆ ಅಷ್ಟೇ ಬರುತ್ತಿದ್ದದ್ದು. ದೊಡ್ಡಣ್ಣನಿಗೆ ಅಷ್ಟು ಸಾಕಾಯಿತು.

ಫೋನಕ್ಕನಿಗೆ ಮಾತ್ರ ಹೊಸ ಕೆಲಸ ಕುತ್ತಿಗೆಗೆ ಬಂತು. ಯಾರ ಹಬ್ಬ ಯಾವಾಗ ಎಂದು ಕೇಳಿಕೊಂಡು ಯಂತ್ರದಿಂದ ಯಂತ್ರಕ್ಕೆ ಅಲೆದಳು. ಕೆಲವರದು ಚಂದ್ರ ಕಂಡರೆ ಹಬ್ಬ, ಕಾಣದಿದ್ದರೆ ನಾಳೆ. ಕೆಲವರಿಗೆ ತಮ್ಮ ಹಬ್ಬ ಯಾವಾಗೆಂದು ತಮಗೇ ಗೊತ್ತಿಲ್ಲ, ಹೆಂಡತಿಯನ್ನು ಕೇಳಿ ಹೇಳಬೇಕು. ಕಾವಲುಗಾರನದು ಅವಳು ಹೆಸರೇ ಕೇಳಿರದ ಒಂದು ಪಂಥ. ಇಷ್ಟು ವರ್ಷದಲ್ಲಿ ಅವನ ಹಬ್ಬ ಕೇಳಿದವಳು ಅವಳೇ ಮೊದಲಂತೆ, ಅವನು ಕುರ್ಚಿ ಹಾಕಿ ಕೂರಿಸಿ ಇಡೀ ಮಧ್ಯಾಹ್ನ ವಿವರಿಸಿದ. ಲೇತಿನವನು, "ದೇವರಿಲ್ಲದವರಿಗೆ ಹಬ್ಬ ಇರಬಾರದಾ? ನನಗೆ ಫುಟ್‌ಬಾಲ್ ಫೈನಲ್ ಬರೆದುಕೋ" ಎಂದು ಹಠ ಹಿಡಿದ. ಮನೆಗೆ ಬಂದು ಅತ್ತೆಯ ಹತ್ತಿರ ಗೋಳಾಡಿದರೆ, "ಮುಳ್ಳು ಹಾಕಿದವಳೇ ಗುಡಿಸಬೇಕು" ಎಂದು ಆಕೆ ಮಗ್ಗುಲು ಬದಲಿಸಿದರು.

ಕೊನೆಗೂ ಒಂದು ದಿನ ಸಿಕ್ಕಿತು. ಯಾರಿಗೂ ಹಬ್ಬವಿಲ್ಲ, ಉಪವಾಸವಿಲ್ಲ, ಪ್ರಾರ್ಥನೆಯಿಲ್ಲ, ಫುಟ್‌ಬಾಲೂ ಇಲ್ಲ. ಫೋನಕ್ಕ ಹೆಮ್ಮೆಯಿಂದ ಮೈಕಿನಲ್ಲಿ ಕೂಗಿದಳು. ಮೊದಲ ಸಲ ಇಡೀ ಕಾರ್ಖಾನೆ ಮೀಟಿಂಗಿಗೆ ಬಂತು. ಕುರ್ಚಿ ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತರು. ಅಷ್ಟೊಂದು ಜನರನ್ನು ಒಟ್ಟಿಗೆ ಕಂಡ ಮ್ಯಾನೇಜರಿಗೆ ಉತ್ಸಾಹ ಉಕ್ಕಿ ಹರಿಯಿತು. ಹಳೆಯ ಯಂತ್ರದಿಂದ ಶುರುಮಾಡಿ ಹೊಸ ಯಂತ್ರಕ್ಕೆ ಬಂದರು, ಅಲ್ಲಿಂದ ಹಾಜರಾತಿಗೆ ಹೊರಳಿದರು, ಆಮೇಲೆ ಶಿಸ್ತಿನ ಬಗ್ಗೆ ತಮ್ಮ ತಂದೆಯವರು ಹೇಳುತ್ತಿದ್ದ ಕತೆ ತೆಗೆದರು. ಎದ್ದುಹೋಗಲು ಯಾರ ಬಳಿಯೂ ಒಂದು ನೆವ ಉಳಿದಿರಲಿಲ್ಲ. ಎಲ್ಲ ನೆವವನ್ನೂ ಫೋನಕ್ಕ ಮುಂಚೆಯೇ ಗುಡಿಸಿ ಹಾಕಿದ್ದಳು.

ಒಬ್ಬೊಬ್ಬರಾಗಿ ಎಲ್ಲರೂ ಅವಳತ್ತ ತಿರುಗಿ ನೋಡತೊಡಗಿದರು. ಲೇತಿನವನು ಬಗ್ಗಿ ಅವಳ ಕಿವಿಯ ಹತ್ತಿರ ಬಂದ.

"ಅಕ್ಕ, ಕಾವಲುಗಾರನ ಪಂಥಕ್ಕೆ ಸೇರೋಕೆ ಏನು ಮಾಡಬೇಕು?"

"ಸುಮ್ಮನೆ ಕೂತುಕೋ" ಎಂದಳು ಫೋನಕ್ಕ. ಹಾಗೆಂದು, ತಾನೂ ಮೆಲ್ಲಗೆ ಕುರ್ಚಿಯನ್ನು ಬಾಗಿಲ ಕಡೆಗೆ ಸರಿಸಿಕೊಂಡಳು.