ಬ್ರೇಕು ಬಿಚ್ಚುವ ಭಾವ

ನಮ್ಮ ಭಾವನ ತಲೆ ನಡೆಯುವಾಗಲೂ ನಿಂತಾಗಲೂ ಸದಾ ಎಡಕ್ಕೆ ವಾಲಿರುತ್ತದೆ. ಹೊಸದಾಗಿ ನೋಡಿದವರು ಕತ್ತು ಉಳುಕಿದೆಯೆಂದು ಭಾವಿಸಿ ಎಣ್ಣೆ, ಮುಲಾಮುಗಳ ಸಲಹೆ ಕೊಡುವುದುಂಟು. ನಿಜಸಂಗತಿಯೆಂದರೆ, ಮೂವತ್ತೆರಡು ವರ್ಷ ಲಿಫ್ಟುಗಳ ತಪಾಸಣಾಧಿಕಾರಿಯಾಗಿದ್ದ ಅವರು, ಒಂದಾದ ಮೇಲೊಂದು ಕಟ್ಟಡದ ಬಾವಿಯಂಥ ಕತ್ತಲೆಯ ಬಾಯಲ್ಲಿ ನಿಂತು, ಮೇಲೆಲ್ಲೋ ಸವೆಯುತ್ತಿರುವ ಉಕ್ಕಿನ ಹಗ್ಗದ, ಕೆಳಗೆಲ್ಲೋ ಸಡಿಲಗೊಂಡ ಬೋಲ್ಟಿನ ಕ್ಷೀಣಸ್ವರಕ್ಕೆ ಕಿವಿಗೊಟ್ಟು ಕಿವಿಗೊಟ್ಟು, ಕತ್ತೇ ಆ ಭಂಗಿಗೆ ಒಗ್ಗಿಹೋಗಿದೆ. ಕಚೇರಿಯಲ್ಲಿ ಅವರನ್ನು ಬೆನ್ನ ಹಿಂದೆ ‘ಕಿವಿ ಸಾಹೇಬರು’ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಬೀಳದೆ ಇರುತ್ತದೆಯೆ!

ಮಾತಿನಲ್ಲಿ ಅವರಿಗೊಂದು ಊರುಗೋಲಿದೆ: ‘ಅಂತ ಇಟ್ಕೋ.’ “ನೀನು ಆರನೇ ಮಹಡೀಲಿದೀಯ ಅಂತ ಇಟ್ಕೋ, ಕರೆಂಟು ಹೋಯ್ತು ಅಂತ ಇಟ್ಕೋ, ಒಳಗೆ ನಿನ್ನ ಜೊತೆ ಒಬ್ಬಳು ಬಸುರಿ ಇದಾಳೆ ಅಂತ ಇಟ್ಕೋ...” ಹೀಗೆ ಕೇಳುವವನ ತಲೆಯ ಮೇಲೆ ಒಂದೊಂದೇ ಆಪತ್ತನ್ನು ಪೇರಿಸುತ್ತ ಹೋಗುತ್ತಾರೆ. ಮದುವೆಯಾದ ಹೊಸದರಲ್ಲಿ ನಮ್ಮಕ್ಕ ಇದಕ್ಕೆ ಹೆದರಿ ನೀರಾಗುತ್ತಿದ್ದಳಂತೆ. ಈಗ ಅವಳು “ಎಲ್ಲಾ ಇಟ್ಕೊಂಡಿದೀನಿ, ಮೊದ್ಲು ಕಾಫಿ ಕುಡೀರಿ” ಎಂದು ಲೋಟ ಮುಂದಿಡುತ್ತಾಳೆ.

ಕಚೇರಿಯ ನೀಲಿ ಕೋಟನ್ನು ನಿವೃತ್ತಿಯ ದಿನ ಅವರು ಹಿಂದಿರುಗಿಸಬೇಕಿತ್ತು, ಹಿಂದಿರುಗಿಸಲಿಲ್ಲ. ನಿಯಮನಿಷ್ಠರಾದ ಅವರ ಜೀವಮಾನದಲ್ಲಿ ನನಗೆ ತಿಳಿದ ಏಕೈಕ ಕಳವು ಅದು. ಮೊಣಕೈ ಸವೆದು ಬಣ್ಣ ಬೂದಿಗೆ ತಿರುಗಿದ ಆ ಕೋಟಿನ ಜೇಬುಗಳಲ್ಲಿ ಒಂದು ಟಾರ್ಚು, ಹಿಡಿಗೆ ಸಿಕ್ಕಿಸಿದ ಪುಟ್ಟ ಕನ್ನಡಿ, ಸೀಮೆಸುಣ್ಣದ ಚೂರು ಇಂದಿಗೂ ಇವೆ. ವರ್ಷಕ್ಕೋ ಒಂದೂವರೆ ವರ್ಷಕ್ಕೋ ಒಮ್ಮೆ ಅದು ಗೂಟದಿಂದ ಕೆಳಗಿಳಿಯಿತೆಂದರೆ, ಭಾವ ಕಾರಿನ ಬ್ರೇಕು ಬಿಚ್ಚುತ್ತಾರೆಂದೇ ಅರ್ಥ.

ಆ ಕರ್ಮವನ್ನು ನಾನು ಹಲವು ಸಲ ಕುರ್ಚಿ ಹಾಕಿಕೊಂಡು ನೋಡಿದ್ದೇನೆ. ಜಾಕು ಕೊಟ್ಟು ಗಾಡಿಯನ್ನೆತ್ತುವುದು, ಅದನ್ನು ನಂಬದೆ ಕೆಳಗೆ ಕಬ್ಬಿಣದ ಸ್ಟ್ಯಾಂಡು ಇಡುವುದು, ಅದನ್ನೂ ನಂಬದೆ ಬಿಚ್ಚಿದ ಚಕ್ರವನ್ನೇ ಅಡಿಗೆ ತಳ್ಳುವುದು. ಚಕ್ರದ ಹಿಂದಿರುವ ಉಕ್ಕಿನ ತಟ್ಟೆಯನ್ನು ಎರಡು ಕಡೆಯಿಂದ ಕಚ್ಚಿ ನಿಲ್ಲಿಸುವ ಸವೆದ ಪ್ಯಾಡುಗಳನ್ನು ಹೊರಗೆಳೆದು, ಹಲ್ಲಿನ ವೈದ್ಯ ಕಿತ್ತ ಹಲ್ಲನ್ನು ತೋರಿಸುವಂತೆ ನನಗೆ ತೋರಿಸುವುದು. ಹೊಸ ಪ್ಯಾಡು ದಪ್ಪ, ಅದಕ್ಕೆ ಎಡೆಮಾಡಿಕೊಡಲು ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಹಾಗೆ ಹಿಂದೆ ಸರಿದ ಪಿಸ್ಟನ್ನು ಮತ್ತೆ ಮುಂದೆ ಬಂದು ಪ್ಯಾಡಿಗೆ ತಾಗುವ ತನಕ ಬ್ರೇಕಿನ ಪೆಡಲು ಬರೀ ಟೊಳ್ಳು, ತುಳಿದರೆ ತಳ ಮುಟ್ಟುತ್ತದೆ. ಆದ್ದರಿಂದ ಎಲ್ಲ ಮುಗಿದ ಮೇಲೆ, ಗಾಡಿ ಒಂದಂಗುಲ ಅಲುಗುವ ಮೊದಲು, ಸೀಟಿನಲ್ಲಿ ಕೂತು ಪೆಡಲನ್ನು ಮತ್ತೆ ಮತ್ತೆ ತುಳಿದು ಗಟ್ಟಿ ಮಾಡಬೇಕು. ಮೂರು ನಾಲ್ಕು ಸಲಕ್ಕೇ ಆಗುವ ಕೆಲಸ. ಭಾವ ಮನೆಯವರಿಗೆಲ್ಲ ಕೇಳುವಂತೆ ಎಣಿಸುತ್ತ ಇಪ್ಪತ್ತು ಸಲ ತುಳಿಯುತ್ತಾರೆ.

ಬಂಧುವರ್ಗದಲ್ಲಿ ಅವರಿಗೆ ಜಿಪುಣರೆಂಬ ಬಿರುದು ಇದರಿಂದಲೇ ಬಂತು. ಗ್ಯಾರೇಜಿಗೆ ಕೊಡುವ ಕೂಲಿ ಉಳಿಸುವುದಕ್ಕೆ ಈ ಮನುಷ್ಯ ನೆಲದ ಮೇಲೆ ಹೊರಳಾಡುತ್ತಾರೆಂದು ನಾನೂ ಬಹುಕಾಲ ನಗುತ್ತಿದ್ದೆ. ನನ್ನದು ಬೇರೆ ಮಾರ್ಗ: ಬೀಗದ ಕೈ ಕೊಟ್ಟು, ಗ್ಯಾರೇಜಿನ ಬೆಂಚಿನ ಮೇಲೆ ಹಳೆಯ ಪತ್ರಿಕೆ ತಿರುವಿ ಹಾಕಿ, ಕೇಳಿದಷ್ಟು ತೆತ್ತು, ನೆಮ್ಮದಿಯಾಗಿ ಮನೆಗೆ ಬರುವವನು. ಹಾಗೆ ಹೊಸ ಪ್ಯಾಡು ಹಾಕಿಸಿಕೊಂಡು ಒಮ್ಮೆ ಅವರ ಮನೆಗೆ ಹೋದಾಗ, ಗೇಟಿನ ಬಳಿ ಕತ್ತು ವಾಲಿಸಿ ನಿಂತಿದ್ದ ಭಾವ, “ಇದು ಹೊಸದರ ಶಬ್ದ ಅಲ್ಲವಲ್ಲಯ್ಯ” ಎಂದರು. ಬೇಡವೆಂದರೂ ಕೇಳದೆ ಚಕ್ರ ಬಿಚ್ಚಿದರು. ಒಳಗಿದ್ದದ್ದು ಹಳೆಯ ಪ್ಯಾಡೇ. ಉಪ್ಪುಕಾಗದದಲ್ಲಿ ಉಜ್ಜಿ, ಬೆನ್ನಿಗೆ ಕಪ್ಪು ಬಣ್ಣ ಬಳಿದಿದ್ದರು. ಇಬ್ಬರೂ ಗ್ಯಾರೇಜಿಗೆ ಹೋದೆವು. ಮಾಲೀಕ ಮೇಸ್ತ್ರಿಯನ್ನು ಕೇಳಿ ಎಂದ. ಮೇಸ್ತ್ರಿ, ಆ ಕೆಲಸ ಮಾಡಿದವನು ಕೆಲಸ ಬಿಟ್ಟು ಹೋದ ಎಂದ. ಎಲ್ಲರೂ ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಹೊಸ ಪ್ಯಾಡೂ ಹಾಕಿಕೊಟ್ಟರು. ದಾರಿಯಲ್ಲಿ ಭಾವ ಹೇಳಿದ್ದು ಒಂದೇ ಮಾತು: “ಮೋಸ ಮಾಡಿದ್ದು ಹೋಗ್ಲಿ ಬಿಡು, ನಾನೇ ಮಾಡ್ದೆ ಅನ್ನೋನು ಒಬ್ಬನಾದ್ರೂ ಬೇಡ್ವಾ?” ಕೆಟ್ಟುಬಿದ್ದ ಲಿಫ್ಟುಗಳ ಮುಂದೆ ನಿಂತು ವೃತ್ತಿಜೀವನವಿಡೀ ಅವರು ಹುಡುಕಿದ್ದು, ಹುಡುಕಿ ಕಾಣದೆ ಹೋದದ್ದು, ಆ ಒಬ್ಬನನ್ನೇ. ಅಂದಿನಿಂದ ನಾನು ಅವರನ್ನು ಜಿಪುಣರೆನ್ನುವುದನ್ನು ಬಿಟ್ಟೆ.

ಅವರ ಮಗಳ ವಿಷಯ ಇಲ್ಲಿ ಹೇಳಬೇಕು. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಅವಳು, ‘ನಿನ್ನ ಕೈಲಿ ಏನಾಗತ್ತೆ’ ಎಂಬ ಮಾತನ್ನು ಒಂಬತ್ತು ವರ್ಷ ಗಂಡನ ಬಾಯಲ್ಲಿ ಕೇಳಿ, ಸಾಕಾಗಿ, ಚಿಕ್ಕ ಮಗಳನ್ನು ಕಟ್ಟಿಕೊಂಡು ತೌರಿಗೆ ಬಂದವಳು. ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಕಾರು ಓಡಿಸಲು ಕಲಿತದ್ದು. ಲೈಸೆನ್ಸ್ ಕೈಗೆ ಬಂದ ದಿನ ಅದನ್ನು ನನ್ನ ಮೂಗಿನ ಹತ್ತಿರ ಹಿಡಿದು, “ನೋಡಿ ಮಾಮ, ಫೋಟೋದಲ್ಲೂ ನಗ್ತಿದೀನಿ” ಎಂದಿದ್ದಳು. ಭಾವನ ಕಾರು ಅಂದಿನಿಂದ ಅವಳದಾಯಿತು, ಬ್ರೇಕು ಮಾತ್ರ ಅಪ್ಪನದಾಗಿಯೇ ಉಳಿಯಿತು.

ಕಳೆದ ವರ್ಷ ಒಂದು ಭಾನುವಾರ, ಎರಡೂ ಮುಂಚಕ್ರಗಳ ಪ್ಯಾಡು ಬದಲಿಸಿ, ನಟ್ಟುಗಳನ್ನೂ ಬಿಗಿದು, ಭಾವ ಇನ್ನೇನು ಸೀಟಿಗೆ ಹತ್ತಬೇಕು, ಅಷ್ಟರಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ಬಂದರು. ಯಾವುದೋ ಕಟ್ಟಡದ ಲಿಫ್ಟು ಪದೇ ಪದೇ ನಿಲ್ಲುತ್ತಿದೆ, ತಮ್ಮ ಅಭಿಪ್ರಾಯ ಬೇಕು ಎಂದರು. ನಿವೃತ್ತರಾದವರಿಗೆ ಇದಕ್ಕಿಂತ ಮಧುರವಾದ ವಾಕ್ಯ ಲೋಕದಲ್ಲಿಲ್ಲ. ಭಾವ ಕೈತೊಳೆದು, ಕೋಟು ಗೂಟಕ್ಕೆ ಹಾಕಿ, ಜನರ ಅಜಾಗರೂಕತೆಯ ಕುರಿತು ಒಂದೂವರೆ ಗಂಟೆ ಪ್ರವಚನ ಮಾಡಿದರು. ಆಮೇಲೆ ಊಟವಾಯಿತು, ನಿದ್ದೆಯಾಯಿತು. ಆ ದಿನ ಎಣಿಕೆಯ ದನಿ ಯಾರಿಗೂ ಕೇಳಲಿಲ್ಲ, ಕೇಳಲಿಲ್ಲವೆಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಮಗಳು, ಮೊಮ್ಮಗಳನ್ನು ಹಿಂದೆ ಕೂರಿಸಿಕೊಂಡು ಹ್ಯಾಂಡ್‌ಬ್ರೇಕ್ ಇಳಿಸಿದಳು. ಮನೆಯ ಅಂಗಳ ಬೀದಿಗೆ ಇಳಿಜಾರು. ಗೇಟಿನಾಚೆ ಒಬ್ಬ ಮುದುಕಿ ಕೋಲೂರಿಕೊಂಡು ಹೋಗುತ್ತಿದ್ದುದನ್ನು ಕಂಡು ಬ್ರೇಕು ತುಳಿದಳು, ಪೆಡಲು ತಳ ಮುಟ್ಟಿತು. ಗಾಡಿಯನ್ನು ಗೇಟಿನ ಕಂಬಕ್ಕೆ ತಿರುಗಿಸಿದಳು. ದೀಪ ಒಡೆಯಿತು, ಮಗುವಿನ ತುಟಿ ಸೀಳಿ ಎರಡು ಹೊಲಿಗೆ ಬಿತ್ತು. ಭಾವ ಓಡಿಬಂದು ಪೆಡಲನ್ನು ಒತ್ತಿ ನೋಡಿದರೆ ಅದು ಕಲ್ಲಿನಂತೆ ಗಟ್ಟಿ. ಗಾಬರಿಯಲ್ಲಿ ಅವಳು ನಾಲ್ಕೈದು ಸಲ ತುಳಿದದ್ದರಿಂದಲೇ ಅದು ಗಟ್ಟಿಯಾಗಿತ್ತು. ಅವಳ ತುಳಿತವೇ ಅವಳ ಸಾಕ್ಷ್ಯವನ್ನು ಅಳಿಸಿಹಾಕಿತ್ತು. ದೀಪ ಹಾಕಲು ಬಂದ ಗ್ಯಾರೇಜಿನ ಮೇಸ್ತ್ರಿ ಎಲ್ಲ ಪರೀಕ್ಷಿಸಿ, “ಬ್ರೇಕಲ್ಲಿ ಒಂಚೂರೂ ಕೊರತೆ ಇಲ್ಲ ಸಾರ್. ಅಕ್ಕೋರು ಗಾಬರೀಲಿ ಬೇರೇದನ್ನ ತುಳಿದಿರಬೇಕು” ಎಂದ. ಭಾವ ಹೌದೆಂಬಂತೆ ತಲೆಯಾಡಿಸಿದರು.

ಮೂರು ವಾರ ಕಾರು ಅಂಗಳದಲ್ಲೇ ನಿಂತಿತು. ಮಗಳು ಮಗುವನ್ನು ಕರೆದುಕೊಂಡು ಎರಡು ಬಸ್ಸು ಬದಲಿಸಿ ಹೋಗಿಬರುತ್ತಿದ್ದಳು. ಲೈಸೆನ್ಸನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳೆಂದು ಅಕ್ಕ ಹೇಳಿದಳು. ಭಾವ ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಮೊಮ್ಮಗಳ ತುಟಿಯ ಚಿಂತೆಯೆಂದು ನಾವೆಲ್ಲ ತಿಳಿದೆವು.

ನಾನು ಹೋಗಿದ್ದ ಒಂದು ಸಂಜೆ ಎಲ್ಲರೂ ಮೇಜಿನ ಸುತ್ತ ಕೂತಿದ್ದೆವು. ಮಗು ನನಗೆ ಹೊಲಿಗೆಯ ಗುರುತು ತೋರಿಸುತ್ತ, ಬಹಳ ದೊಡ್ಡ ರಹಸ್ಯವೆಂಬಂತೆ, “ತಾತ, ಅಮ್ಮಂಗೆ ಬ್ರೇಕ್ ಯಾವ್ದು ಅಂತ ಗೊತ್ತಿಲ್ಲ. ಅಮ್ಮನ ಕೈಲಿ ಆಗಲ್ಲ” ಎಂದಿತು. ಅವಳಮ್ಮ ನಕ್ಕಳು. ಆ ನಗುವನ್ನು ನೋಡಲಾಗಲಿಲ್ಲ.

ಭಾವ ಲೋಟ ಕೆಳಗಿಟ್ಟರು. “ನಿಮ್ಮಮ್ಮ ಬ್ರೇಕೇ ತುಳಿದಿದ್ದು ಪುಟ್ಟಿ,” ಎಂದರು. “ಬ್ರೇಕ್ ಇರ್ಲಿಲ್ಲ. ಪ್ಯಾಡ್ ಹಾಕಿದ್ಮೇಲೆ ಪೆಡಲ್ ಗಟ್ಟಿ ಮಾಡ್ಬೇಕು, ನಾನು ಮಾಡ್ಲಿಲ್ಲ. ಮರೆತುಬಿಟ್ಟೆ. ಗಾಡಿ ಗುದ್ದಿದ ಕ್ಷಣಾನೇ ನಂಗೆ ಗೊತ್ತಾಯ್ತು.”

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಮಗಳು ತಂದೆಯ ಕಡೆ ತಿರುಗಿದಳು.

“ಮರೆತಿದ್ದು ಬಿಡಿ ಅಪ್ಪ, ಯಾರಾದ್ರೂ ಮರೀತಾರೆ. ಮೂರು ವಾರ. ನನ್ನ ಕಾಲು ನನ್ನ ಮಾತು ಕೇಳ್ಲಿಲ್ಲ ಅಂತ ಮೂರು ವಾರ ನಂಬಿದೀನಿ ನಾನು. ಒಂಬತ್ತು ವರ್ಷ ಅವ್ರು ಹೇಳ್ತಿದ್ದಿದ್ದೇ ನಿಜ ಅಂತ.”

“ಹೌದಮ್ಮ” ಎಂದರು ಭಾವ. ಸಮಜಾಯಿಷಿ ಕೊಡಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಕೇಳಿದ್ದರೆ ಅವಳು ಕೊಡಲೇಬೇಕಾಗುತ್ತಿತ್ತು, ಆ ಇಕ್ಕಟ್ಟಿಗೂ ಅವಳನ್ನು ತಳ್ಳಲಿಲ್ಲ. ಮರುದಿನ ಅವಳು ಕಾರು ತೆಗೆದಳು. ಈ ಸಲ ಪ್ಯಾಡು ಸವೆದಾಗ, ಅಪ್ಪನನ್ನು ಒಂದು ಮಾತೂ ಕೇಳದೆ ಗ್ಯಾರೇಜಿಗೆ ಕೊಟ್ಟು ಬಂದಳು. ಭಾವ ಗೇಟು ತೆರೆದುಕೊಟ್ಟರು.

ಎಲ್ಲವನ್ನೂ ತಮ್ಮ ಕೈಯಿಂದಲೇ ಮಾಡಬೇಕೆನ್ನುವ ಇಂಥವರು ಪ್ರತಿಯೊಂದು ಕುಟುಂಬದಲ್ಲೂ ಒಬ್ಬರಿರುತ್ತಾರೆ. ಅವರನ್ನು ಜುಗ್ಗರೆಂದು, ಹಟಮಾರಿಗಳೆಂದು, ಯಾರನ್ನೂ ನಂಬದವರೆಂದು ನಾವು ಲೇವಡಿ ಮಾಡುತ್ತೇವೆ. ಗ್ಯಾರೇಜಿಗೆ ಬೀಗದ ಕೈ ಕೊಡುವ ನನ್ನಂಥವರು ಕೆಲಸದ ಜೊತೆಗೆ ಮುಂದಾಗಬಹುದಾದ ತಪ್ಪನ್ನೂ ಅಲ್ಲೇ ಒಪ್ಪಿಸಿ ಬರುತ್ತೇವೆ, ಆದ್ದರಿಂದಲೇ ನಮಗೆ ನಿದ್ದೆ ಬರುತ್ತದೆ. ಅವರಿಗೆ ಆ ಸೌಕರ್ಯವಿಲ್ಲ. ಅವರ ಕೈ ಎಂದೋ ಒಂದು ದಿನ ತಪ್ಪುತ್ತದೆ, ಎಲ್ಲರ ಕೈಯೂ ತಪ್ಪುವಂತೆ. ಆಗ ಆ ತಪ್ಪನ್ನು ಹೊರಲು ಮನೆಯೊಳಗೆ ಅವರೊಬ್ಬರನ್ನು ಬಿಟ್ಟರೆ ಇರುವುದು ಅವರು ಪ್ರೀತಿಸುವವರು ಮಾತ್ರ, ಮತ್ತು ಪ್ರೀತಿಸುವವರ ಹೆಗಲು ತೀರ ಹತ್ತಿರದಲ್ಲಿರುತ್ತದೆ. ಹೆಚ್ಚಿನವರು ಆ ಭಾರವನ್ನು ಅಲ್ಲಿಟ್ಟು ಜೀವಮಾನವಿಡೀ ಸುಮ್ಮನಿದ್ದುಬಿಡುತ್ತಾರೆ. ಭಾವ ಇಟ್ಟದ್ದನ್ನು ಮರಳಿ ಎತ್ತಿಕೊಂಡರು. ಮಗಳು ಈಗ ಅವರೊಡನೆ ಮೊದಲಿನಂತೆಯೇ ಮಾತಾಡುತ್ತಾಳೆ, ನಗುತ್ತಾಳೆ, ಮದ್ದು ಮಾತ್ರೆ ನೋಡಿಕೊಳ್ಳುತ್ತಾಳೆ. ಗಾಡಿ ಹೊರಡುವ ಮುನ್ನ ಮಾತ್ರ, ಅಪ್ಪ ನೋಡುತ್ತಿರುವಾಗಲೇ, ಬ್ರೇಕನ್ನು ಒಮ್ಮೆ ತುಳಿದು ನೋಡುತ್ತಾಳೆ.